ಮಸ್ಕಿಯ ಬಂಡೆ ಮತ್ತು 24,100 ವರ್ಷದ ಲೆಕ್ಕ

ಅಣುಬಾಂಬಿನ ಮಾತು ಬಂದರೆ ಯಾರ ಹತ್ತಿರ ಎಷ್ಟಿವೆ, ಯಾರು ಮೊದಲು ಹಾಕುತ್ತಾರೆ ಎನ್ನುವಲ್ಲಿಗೆ ಚರ್ಚೆ ಮುಗಿಯುತ್ತದೆ. ಒಂದು ಬಾಂಬೂ ಸಿಡಿಯದಿದ್ದರೂ ಅದನ್ನು ತಯಾರಿಸಿದ ಜಾಗದಲ್ಲಿ ಕಸ ಉಳಿಯುತ್ತದೆ. ಆ ಕಸ ಕಾಯಬೇಕಾದವರು ಇನ್ನೂ ಹುಟ್ಟಿಲ್ಲ, ಅವರನ್ನು ಯಾರೂ ಕೇಳಿಯೂ ಇಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ನಮಗಂತೂ ಈ ಅನ್ಯಾಯ ಬೇಗ ಅರ್ಥವಾಗಬೇಕು. ಹಿಂದಿನವರು ಬಿಟ್ಟುಹೋದದ್ದರ ಗತಿ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ನಮ್ಮ ಗುಡ್ಡಗಳಲ್ಲೇ ಇದೆ.

ಮೊದಲು ಕಸ ಹೇಗೆ ಹುಟ್ಟುತ್ತದೆ ಎಂದು ನೋಡೋಣ. ರಿಯಾಕ್ಟರಿನಿಂದ ತೆಗೆದ ಯುರೇನಿಯಂ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಬಾಂಬಿಗೆ ಬೇಕಾದ ಪ್ಲುಟೋನಿಯಂ ಬೇರ್ಪಡಿಸುತ್ತಾರೆ. ಮಿಕ್ಕ ದ್ರವದಲ್ಲಿ ವಿಕಿರಣ ಸೂಸುವ ಸೀಸಿಯಂ, ಸ್ಟ್ರಾನ್ಷಿಯಂ ಮತ್ತು ತಪ್ಪಿಸಿಕೊಂಡ ಒಂದಿಷ್ಟು ಪ್ಲುಟೋನಿಯಂ ಇರುತ್ತವೆ. ನಾಗಸಾಕಿ ಬಾಂಬಿನ ಪ್ಲುಟೋನಿಯಂ ತಯಾರಾದದ್ದು ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ. ಯುದ್ಧದ ಅವಸರದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸಿಗದೆ ಅಲ್ಲಿ ಸಾದಾ ಉಕ್ಕಿನ ಟ್ಯಾಂಕ್ ಕಟ್ಟಿದರು. ಆಮ್ಲ ಉಕ್ಕನ್ನು ತಿನ್ನಬಾರದೆಂದು ದ್ರವಕ್ಕೆ ಕಾಸ್ಟಿಕ್ ಸೋಡಾ ಸುರಿದರು. ಇದರಿಂದ ಕಸದ ಪ್ರಮಾಣ ಹೆಚ್ಚಿತು, ತಳದಲ್ಲಿ ಗಟ್ಟಿ ಕೆಸರು ಕುಳಿತಿತು, ಅದರ ಮೇಲೆ ಉಪ್ಪು ಹೆಪ್ಪುಗಟ್ಟಿತು. ಇವತ್ತು ಅದನ್ನು ಪಂಪಿನಲ್ಲಿ ಎತ್ತುವುದೇ ದೊಡ್ಡ ಕೆಲಸ. ಅಲ್ಲಿರುವ 177 ಟ್ಯಾಂಕ್‌ಗಳಲ್ಲಿ ಸುಮಾರು 21 ಕೋಟಿ ಲೀಟರ್ ಕಸವಿದೆ. ಅವುಗಳಲ್ಲಿ 149 ಒಂದೇ ಪದರದವು. ಇಪ್ಪತ್ತು ಇಪ್ಪತ್ತೈದು ವರ್ಷ ಬಾಳಲೆಂದು ಕಟ್ಟಿದ ಆ ಟ್ಯಾಂಕ್‌ಗಳಲ್ಲಿ 67 ಸೋರಿವೆ ಎಂಬ ಅನುಮಾನವಿದೆ. ಉಕ್ಕಿನಲ್ಲಿ ಮಾಡಿದ ಅವಸರದ ಬೆಲೆಯನ್ನು ಮೊಮ್ಮಕ್ಕಳು ತೆರುತ್ತಿದ್ದಾರೆ.

ಸೀಸಿಯಂ, ಸ್ಟ್ರಾನ್ಷಿಯಂಗಳ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 30 ವರ್ಷ. ಹತ್ತು ಅರ್ಧಾಯುಷ್ಯ ಕಳೆದರೆ, ಅಂದರೆ 300 ವರ್ಷಕ್ಕೆ, ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಹಂಪಿ ಹಾಳಾದದ್ದು 1565ರಲ್ಲಿ, ಅದಕ್ಕೇ 300 ವರ್ಷಕ್ಕಿಂತ ಹೆಚ್ಚಾಯಿತು. ಇದು ಹೇಗೋ ನಮ್ಮ ಅಳತೆಗೆ ಸಿಗುವ ಕಾಲ. ಪ್ಲುಟೋನಿಯಂ-239ರ ಅರ್ಧಾಯುಷ್ಯ ಮಾತ್ರ 24,100 ವರ್ಷ. ನಾಗಸಾಕಿ ಬಾಂಬಿನಲ್ಲಿದ್ದದ್ದು ಸುಮಾರು 6 ಕೆ.ಜಿ. ಅದರಲ್ಲಿ ಒಡೆದು ಶಕ್ತಿ ಕೊಟ್ಟದ್ದು ಸುಮಾರು 1 ಕೆ.ಜಿ., ಮಿಕ್ಕದ್ದು ಗಾಳಿ ಮಣ್ಣಿಗೆ ಸೇರಿತು.

ಈಗ ರಾಯಚೂರು ಜಿಲ್ಲೆಯ ಮಸ್ಕಿಗೆ ಬರೋಣ. ಅಲ್ಲಿನ ಬಂಡೆಯ ಮೇಲಿರುವ ಅಶೋಕನ ಶಾಸನಕ್ಕೆ ಸುಮಾರು 2,280 ವರ್ಷ. ಆಗ ಆ ಬಂಡೆಯ ಬುಡದಲ್ಲಿ 1 ಕೆ.ಜಿ. ಪ್ಲುಟೋನಿಯಂ ಹೂತಿದ್ದರೆ ಇವತ್ತಿಗೂ ಸುಮಾರು 935 ಗ್ರಾಂ ಇರುತ್ತಿತ್ತು. ಶಾಸನದ ಅಕ್ಷರವೋ, ಅಷ್ಟರಲ್ಲೇ ಸತ್ತು ಮತ್ತೆ ಹುಟ್ಟಿತು. ಅದನ್ನು ಬರೆದ ಬ್ರಾಹ್ಮಿ ಲಿಪಿಯನ್ನು ನಮ್ಮವರು ಪೂರ್ತಿ ಮರೆತಿದ್ದರು, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿದ. ಮಸ್ಕಿ ಶಾಸನ ಕಣ್ಣಿಗೆ ಬಿದ್ದದ್ದು 1915ರಲ್ಲಿ, ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರಿಗೆ. ದೊಡ್ಡ ಚಕ್ರವರ್ತಿಯೊಬ್ಬ ಗಟ್ಟಿ ಬಂಡೆ ಆರಿಸಿ ಕೆತ್ತಿಸಿದ ಮಾತಿನ ಪಾಡು ಇದು.

ಅಕ್ಷರವೇ ಇಲ್ಲದಿದ್ದರೆ? ಕುಡುತಿನಿಯ ಬೂದಿಗುಡ್ಡ ನೋಡಿ. ನಾಲ್ಕೈದು ಸಾವಿರ ವರ್ಷದ ಹಿಂದೆ ದನ ಸಾಕುತ್ತಿದ್ದವರು ಸೆಗಣಿ ರಾಶಿಗೆ ಮತ್ತೆ ಮತ್ತೆ ಬೆಂಕಿ ಹಚ್ಚಿದ್ದರಿಂದ ಬೆಳೆದ ದಿಬ್ಬ ಅದು. ಈ ಕಾರಣ ಮಾತ್ರ ಜನರ ನೆನಪಿನಲ್ಲಿ ಉಳಿಯಲಿಲ್ಲ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಜ್ವಾಲಾಮುಖಿ ಎಂದವರೂ ಇದ್ದರು. ಸೆಗಣಿ ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಹೇಳಿದ್ದರೂ, 1950ರ ದಶಕದಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ಬೂದಿಗುಡ್ಡ ಅಗೆದು ದನಗಳ ಗೊರಸಿನ ಗುರುತು ಸಿಕ್ಕ ಮೇಲೆ ವಿಷಯ ಗಟ್ಟಿಯಾಯಿತು. ಅಷ್ಟರಲ್ಲಿ ಎಷ್ಟೋ ಬೂದಿಗುಡ್ಡಗಳು ಗೊಬ್ಬರವಾಗಿ ಹೊಲ ಸೇರಿದ್ದವು. ಬೂದಿಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಕಾರ್ಲ್ಸ್‌ಬಾಡ್ ಹತ್ತಿರ, ಬಾಂಬು ತಯಾರಿಕೆಯ ಪ್ಲುಟೋನಿಯಂ ಕಸವನ್ನು 655 ಮೀಟರ್ ಆಳದ ಉಪ್ಪಿನ ಪದರದಲ್ಲಿ 1999ರಿಂದ ಹೂಳುತ್ತಿದ್ದಾರೆ. ಉಪ್ಪು ನಿಧಾನವಾಗಿ ಜರುಗಿ ಡ್ರಮ್ಮುಗಳನ್ನು ಮುಚ್ಚಿಕೊಳ್ಳುತ್ತದೆ, ಆ ಲೆಕ್ಕ ಸರಿಯಾಗಿದೆ. ಚಿಂತೆ ಮನುಷ್ಯರದು. 10,000 ವರ್ಷ ಯಾರೂ ಅಗೆಯಬಾರದು, ಆದರೆ ಕಾವಲಿನ ಮೇಲೆ 100 ವರ್ಷಕ್ಕಿಂತ ಹೆಚ್ಚು ಭರವಸೆ ಇಡಬಾರದೆಂದು ಅಲ್ಲಿನ ನಿಯಮವೇ ಹೇಳುತ್ತದೆ. ಹಾಗಾಗಿ ಸುತ್ತ ಮಣ್ಣಿನ ದಿಣ್ಣೆ, ಗ್ರಾನೈಟ್ ಕಂಬ, ಏಳು ಭಾಷೆಯಲ್ಲಿ ಎಚ್ಚರಿಕೆ ಎಂಬ ಯೋಜನೆ ಮಾಡಿದ್ದಾರೆ. ನಮ್ಮ ಕಡೆ ಒಂಟಿ ಕೆತ್ತನೆ ಕಲ್ಲು ಕಂಡರೆ ಏನಾಗುತ್ತದೆ? ರಾತ್ರಿ ಹಾರೆ ಹಿಡಿದು ನಿಧಿಗಳ್ಳರು ಬರುತ್ತಾರೆ. ದೇವಸ್ಥಾನದ ಗರ್ಭಗುಡಿ, ಬಸವಣ್ಣನ ಬುಡ, ಶಾಪದ ಮಾತು ಬರೆದ ಶಾಸನ, ಯಾವುದನ್ನೂ ಬಿಟ್ಟಿಲ್ಲ. ಕಲ್ಲು ದೊಡ್ಡದಾದಷ್ಟೂ ಕೆಳಗೆ ಹೊನ್ನಿದೆ ಎಂಬ ನಂಬಿಕೆ ದೊಡ್ಡದು. ಕಂಬ ನೆಡುವುದು ಅಗೆಯುವವರಿಗೆ ಜಾಗ ತೋರಿಸಿಕೊಟ್ಟಂತೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಅಷ್ಟು ದೂರದ ಕಾಲವೂ ಬೇಕಾಗಲಿಲ್ಲ. ಕಾರ್ಲ್ಸ್‌ಬಾಡ್‌ನ ಆ ಉಪ್ಪಿನ ಗಣಿ ಶುರುವಾಗಿ ಹದಿನೈದು ವರ್ಷದೊಳಗೆ, 2014ರ ಫೆಬ್ರುವರಿಯಲ್ಲಿ, ಒಂದು ಡ್ರಮ್ಮು ಒಳಗೇ ಕಾದು ಬಾಯಿಬಿಟ್ಟಿತು. ನೈಟ್ರೇಟ್ ಉಪ್ಪಿರುವ ಕಸದ ತೇವ ಹೀರಲು ಜೇಡಿಮಣ್ಣಿನ ಪುಡಿ ಹಾಕಬೇಕಿತ್ತು. ಅದರ ಬದಲು ಸಾಕುಬೆಕ್ಕಿನ ಮಲಮೂತ್ರದ ತೇವ ಹೀರಲು ಬಳಸುವ, ಗೋಧಿಯಿಂದ ಮಾಡಿದ ಪುಡಿ ಹಾಕಿದ್ದರು. ನೈಟ್ರೇಟ್ ಜತೆ ಸಾವಯವ ವಸ್ತು ಸೇರಿದರೆ ಬಿಸಿ ಹುಟ್ಟುತ್ತದೆ. ಇಡೀ ಜಾಗ ಸುಮಾರು ಮೂರು ವರ್ಷ ಮುಚ್ಚಿತ್ತು.

ಹಾಗಾದರೆ ನ್ಯಾಯ ಎಂದರೇನು? 2011ರ ಜುಲೈನಲ್ಲಿ ಬಳ್ಳಾರಿ ಗಣಿಗಳನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್, ಮುಂದೆ ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿ, ಕೆಡಿಸಿದ ನೆಲ ಸರಿಪಡಿಸುವ ಯೋಜನೆ ಕೊಡದೆ ಗಣಿ ತೆರೆಯುವಂತಿಲ್ಲ ಎಂದಿತು. ಅದಿರು ತೆಗೆಯುವುದಕ್ಕೂ ವಾರ್ಷಿಕ ಮಿತಿ ಹಾಕಿತು. ನಾಳಿನವರ ಪಾಲನ್ನು ಇವತ್ತೇ ಲೆಕ್ಕಕ್ಕೆ ತಂದದ್ದು ಅಂದರೆ ಅದು. ಬಾಂಬಿಗೆ ಈ ನಿಯಮ ಯಾರೂ ಹಾಕಿಲ್ಲ. ಅಂತಾರಾಷ್ಟ್ರೀಯ ನ್ಯಾಯಾಲಯ 1996ರಲ್ಲಿ ಹುಟ್ಟದ ಪೀಳಿಗೆಗಳ ಆರೋಗ್ಯದ ಮಾತನ್ನು ಆಡಿತು. 2021ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ನಿಷೇಧ ಒಪ್ಪಂದದ 6ನೇ ವಿಧಿ, ಪರೀಕ್ಷೆಗಳಿಂದ ನೊಂದವರ ನೆರವು ಮತ್ತು ಕೆಟ್ಟ ನೆಲದ ಶುದ್ಧೀಕರಣವನ್ನು ಕರ್ತವ್ಯವಾಗಿಸಿತು. ಅಣ್ವಸ್ತ್ರ ಇರುವ ಒಂದು ದೇಶವೂ ಸಹಿ ಹಾಕಿಲ್ಲ, ಭಾರತವೂ ಇಲ್ಲ.

ಒಪ್ಪಂದಕ್ಕೆ ಸಹಿ ಬೀಳುವವರೆಗೆ ಕಾಯದೆ ನಾವು ಕೇಳಬಹುದಾದ್ದು ಒಂದಿದೆ. 2000ದಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಸ್ಥಾವರಗಳನ್ನು ಅಣುಶಕ್ತಿ ನಿಯಂತ್ರಣ ಮಂಡಳಿಯ ಸುರಕ್ಷತಾ ಉಸ್ತುವಾರಿಯಿಂದ ತೆಗೆದು ಕೇಂದ್ರದ ಒಳಗಿನ ವ್ಯವಸ್ಥೆಗೇ ಬಿಟ್ಟರು. ಅದನ್ನು ಮತ್ತೆ ಹೊರಗಿನ ಉಸ್ತುವಾರಿಗೆ ತರಬೇಕು. ಬಾಂಬಿನ ಕೆಲಸದಿಂದ ಉಳಿದ ಕಸ ಎಷ್ಟು ಘನ ಮೀಟರ್, ಯಾವ ರೂಪದಲ್ಲಿದೆ, ಮುಂದೆ ಕಾಯಲು ಎಷ್ಟು ಹಣ ತೆಗೆದಿಟ್ಟಿದ್ದಾರೆ ಎಂಬ ಲೆಕ್ಕ ಸಂಸತ್ತಿನ ಮುಂದೆ ಬರಬೇಕು. ದೇಶದ ಗುಟ್ಟು ಎಂಬ ಉತ್ತರ ಸಾಲದು. ಅಮೆರಿಕ 1996ರಲ್ಲಿ, ತಾನು ಐವತ್ತು ವರ್ಷದಲ್ಲಿ ತಯಾರಿಸಿದ ಪ್ಲುಟೋನಿಯಂ ಎಷ್ಟು ಎನ್ನುವುದನ್ನೇ ಟನ್ ಲೆಕ್ಕದಲ್ಲಿ ಪ್ರಕಟಿಸಿದೆ.