ಒಂದು ಲಿವರ್, ಎರಡು ಕೆಲಸ

18 ಜೂನ್ 2024, ಮಂಗಳವಾರ, ಬೆಂಗಳೂರು

ಬೆಳಿಗ್ಗೆಯಿಂದ ಒಂದೇ ಕೆಲಸ. ನಮ್ಮ ಡ್ರೋನ್‌ನಲ್ಲಿ ಏನೇನು ಕೆಡಬಹುದು, ಕೆಟ್ಟರೆ ಏನಾಗುತ್ತದೆ ಅಂತ ಎಕ್ಸೆಲ್‌ನಲ್ಲಿ ಸಾಲು ಸಾಲು ಬರೆಯುವುದು. ಜಿಪಿಎಸ್ ಹೋದರೆ? ನೆಲಕ್ಕೂ ಡ್ರೋನ್‌ಗೂ ನಡುವಿನ ರೇಡಿಯೋ ಲಿಂಕ್ ಕಡಿದರೆ? ಇಂಜಿನ್ ನಿಂತರೆ? ಅಪಶಕುನ ನುಡಿಯುವುದಕ್ಕೇ ನನಗೆ ಸಂಬಳ.

ಹೊಸದಾಗಿ ಸೇರಿದ ಹುಡುಗ ಕೇಳಿದ, “ಒಳಗೆ ಯಾರೂ ಕೂತಿರಲ್ಲ ಅಲ್ವಾ ಮೇಡಂ? ಬಿದ್ದರೆ ಬೀಳಲಿ ಬಿಡಿ.”

“ಕೆಳಗೆ ಇರೋರು?” ಅಂದೆ. ಸುಮ್ಮನಾದ.

ದೊಡ್ಡ ಪ್ರಯಾಣಿಕ ವಿಮಾನವನ್ನೇ ಕೆಡವುವಂಥ ದೋಷ 100 ಕೋಟಿ ಗಂಟೆ ಹಾರಾಟಕ್ಕೆ ಒಂದಕ್ಕಿಂತ ಜಾಸ್ತಿ ಬರಬಾರದು ಅನ್ನೋದು ಲೆಕ್ಕ. ನಮ್ಮದರಲ್ಲಿ ತೂಕವೆಷ್ಟು, ಯಾರ ತಲೆ ಮೇಲೆ ಹಾರುತ್ತೆ ಅನ್ನೋದರ ಮೇಲೆ ಆ ಲೆಕ್ಕ ಬದಲಾಗುತ್ತದೆ. ಆದರೆ ಲೆಕ್ಕಕ್ಕೆ ಸಿಗದ್ದೂ ಇದೆ. ಅದಕ್ಕೇ ಅವನಿಗೆ ಅರಿಜೋನಾದ ಕಥೆ ಹೇಳಿದೆ.

2006ರ ಏಪ್ರಿಲ್ 25, ನಸುಕು. ಅಮೆರಿಕದ ಗಡಿ ಕಾಯುತ್ತಿದ್ದ ಪ್ರಿಡೇಟರ್-ಬಿ ಅನ್ನೋ ದೊಡ್ಡ ಡ್ರೋನ್. ನೆಲದ ಮೇಲೆ ಪೈಲಟ್‌ನ ಕನ್ಸೋಲ್ ಹ್ಯಾಂಗ್ ಆಯಿತು. ಪಕ್ಕದ ಕನ್ಸೋಲ್‌ಗೆ ಬದಲಾಯಿಸಿದರು. ಅಲ್ಲಿದ್ದ ಲಿವರ್, ಅಂದರೆ ಹಿಂದೆ ಮುಂದೆ ಸರಿಸುವ ಹಿಡಿಕೆ, ಅಷ್ಟು ಹೊತ್ತೂ ಕ್ಯಾಮೆರಾದ್ದು. ನಡುವೆ ಇಟ್ಟರೆ ಐರಿಸ್ (ಕ್ಯಾಮೆರಾಗೆ ಬೆಳಕು ಬಿಡುವ ಕಿಂಡಿ) ಲಾಕ್, ಅಷ್ಟೇ. ವಿಮಾನದ ಹಿಡಿತ ಈ ಕಡೆ ಬಂದದ್ದೇ ತಡ, ಅದೇ ಲಿವರ್ ಇಂಜಿನ್‌ದಾಯಿತು. ನಡುವೆ ಅಂದರೆ ಇಂಧನ ಬಂದ್! ಬದಲಾಯಿಸುವ ಮುಂಚೆ ಎರಡೂ ಲಿವರ್ ಹೊಂದಿಸಿಕೊಳ್ಳಿ ಅಂತ ಚೆಕ್‌ಲಿಸ್ಟ್‌ನಲ್ಲಿತ್ತು. ಯಾರೂ ನೋಡಲಿಲ್ಲ.

ಎತ್ತರ ಇಳೀತಾ ಇದೆ, ಯಾಕೆ ಅಂತ ಪೈಲಟ್‌ಗೆ ಗೊತ್ತಾಗಲಿಲ್ಲ. ಲಿಂಕ್ ಕಡಿದರೆ ತಾನೇ ಮೇಲೇರಿ ಸುತ್ತು ಹಾಕುತ್ತದೆ ಅಂತ ನಂಬಿ ಲಿಂಕ್ ಕಡಿದರು. ಇಂಜಿನ್ನೇ ಇಲ್ಲ, ಏರೋದೆಲ್ಲಿ? ಬ್ಯಾಟರಿ ಉಳಿಸಲು ಅದು ತಾನೆಲ್ಲಿದ್ದೇನೆ ಅಂತ ರೇಡಾರ್‌ಗೆ ತಿಳಿಸುವ ಟ್ರಾನ್ಸ್‌ಪಾಂಡರ್ ಕೂಡ ಆಫ್ ಮಾಡಿಕೊಂಡಿತ್ತು. ನೊಗಾಲೆಸ್ ಹತ್ತಿರ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಲಿವರ್ ಮುರಿದಿರಲಿಲ್ಲ. ಅದಕ್ಕೆ ಹೇಳಿದ್ದನ್ನೇ ಅದು ಮಾಡಿತ್ತು. ಇಂಥದ್ದು ಯಾವ ಸಾಲಿನಲ್ಲಿ ಬರೆಯೋದು?

ಊಟ ಮುಗಿಸಿ ಬಂದು ನಮ್ಮ ಶೀಟ್ ಮತ್ತೆ ತೆಗೆದೆ. ಸಾಲು 14, ಕ್ಯಾಮೆರಾ ತಿರುಗಿಸುವ ಚಕ್ರ: ‘ಸಣ್ಣ ತೊಂದರೆ’. ಸಾಲು 62, ಬ್ಯಾಕಪ್ ಮೋಡ್‌ನಲ್ಲಿ ಎತ್ತರ ಬದಲಿಸುವ ಚಕ್ರ. ಬರೆದದ್ದು ಇಬ್ಬರು, ಬೇರೆ ಬೇರೆ ತಿಂಗಳಲ್ಲಿ. ಚಕ್ರ ಒಂದೇ.

ಹುಡುಗನನ್ನು ಸಿಮ್ಯುಲೇಟರ್ ಮುಂದೆ ಕೂರಿಸಿದೆ. ಕ್ಯಾಮೆರಾ ಪೂರ್ತಿ ಕೆಳಕ್ಕೆ ತಿರುಗಿಸು ಅಂದೆ, ತಿರುಗಿಸಿದ. ಈಗ ಬ್ಯಾಕಪ್ ಒತ್ತು.

120 ಮೀಟರ್. 96. 71.

“ಅಯ್ಯೋ, ನಾನು ಏನೂ ಮುಟ್ಟಿಲ್ಲ ಮೇಡಂ!”

ಗುರುವಾರದ ರಿವ್ಯೂ ಮುಂದಕ್ಕೆ ಹೋಗಿದೆ. ಆಫೀಸಿನಲ್ಲಿ ಯಾರೂ ನನ್ನ ಜೊತೆ ಟೀಗೆ ಬರಲಿಲ್ಲ.