ಯೂಕಾನ್: ನದಿಯೇ ರಸ್ತೆಯಾಗುವ ನಾಡು

ಕೆನಡಾದ ವಾಯವ್ಯ ಅಂಚಿನ ಯೂಕಾನ್ ಪ್ರದೇಶವನ್ನು ವರ್ಣಿಸುವವರು ಸಾಮಾನ್ಯವಾಗಿ 5,959 ಮೀಟರ್ ಎತ್ತರದ ಲೋಗನ್ ಶಿಖರದಿಂದಲೋ, ಚಳಿಗಾಲದ ಇರುಳಿನಲ್ಲಿ ಹಸಿರು ಪರದೆಯಂತೆ ತೇಲುವ ಧ್ರುವಪ್ರಭೆಯಿಂದಲೋ ಆರಂಭಿಸುತ್ತಾರೆ. ನನ್ನ ಮನಸ್ಸು ನಿಲ್ಲುವುದು ಮಾತ್ರ ಅಲ್ಲಿನ ನದಿಯ ಬಳಿ.

ಡಾಸನ್ ಪಟ್ಟಣದಲ್ಲಿ ಯೂಕಾನ್ ನದಿಗೆ ಸೇತುವೆಯಿಲ್ಲ. ಬೇಸಿಗೆಯಲ್ಲಿ ವಾಹನಗಳನ್ನು ಫೆರಿ ದಾಟಿಸುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯೇ ರಸ್ತೆಯಾಗುತ್ತದೆ. ಆದರೆ ಶರತ್ಕಾಲದಲ್ಲಿ ಮಂಜುಗಡ್ಡೆ ಕೂಡಿಕೊಳ್ಳುವಾಗ ಮತ್ತು ವಸಂತದಲ್ಲಿ ಅದು ಒಡೆಯುವಾಗ ಎರಡೂ ದಾರಿಗಳು ಮುಚ್ಚುವುದರಿಂದ, ಪಶ್ಚಿಮ ದಡದ ನಿವಾಸಿಗಳು ಮೊದಲೇ ಕೂಡಿಟ್ಟ ಸೌದೆಯನ್ನೂ ದಿನಸಿಯನ್ನೂ ನೆಚ್ಚಿ ವಾರಗಟ್ಟಲೆ ಕಳೆಯಬೇಕಾಗುತ್ತದೆ. ಇಷ್ಟೊಂದು ಮುಂದಾಲೋಚನೆಯನ್ನು ಬೇಡುವ ಬದುಕಿನ ಬಗ್ಗೆ ನನಗೆ ಅಪಾರ ಗೌರವವಿದೆ. ಒಡೆದ ಗಡ್ಡೆಗಳು ಒಂದೆಡೆ ಸಿಲುಕಿಕೊಂಡರೆ ಅವುಗಳ ಹಿಂದೆ ನೀರು ಏರುತ್ತದೆ. 1979ರ ವಸಂತದಲ್ಲಿ ಡಾಸನ್ ಜಲಾವೃತವಾದದ್ದು ಹೀಗೆಯೇ.

ಚಳಿಯ ಮಾತಂತೂ ಬೇರೆಯೇ. 1947ರ ಫೆಬ್ರವರಿ 3ರಂದು ಸ್ನ್ಯಾಗ್ ಎಂಬಲ್ಲಿ ಉಷ್ಣಾಂಶವು ಶೂನ್ಯಕ್ಕಿಂತ 63 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ಇಂದಿಗೂ ಅಲ್ಲಿನ ಜನರು ನಿಲ್ಲಿಸಿದ ಕಾರಿನ ಎಂಜಿನ್ ಹೆಪ್ಪುಗಟ್ಟದಂತೆ ಅದಕ್ಕೆ ವಿದ್ಯುತ್ ಹೀಟರ್ ಜೋಡಿಸುತ್ತಾರೆ. ಬೇಸಿಗೆಯ ಭಯವೆಂದರೆ ಕಾಡ್ಗಿಚ್ಚು; ಆದರೂ ಸುಟ್ಟು ಕರಕಲಾದ ನೆಲದಲ್ಲಿ ಮೊದಮೊದಲು ಚಿಗುರಿ, ಬೆಟ್ಟದ ಮಗ್ಗುಲನ್ನೆಲ್ಲ ನೇರಳೆ ಬಣ್ಣಕ್ಕೆ ತಿರುಗಿಸುವ ಫೈರ್‌ವೀಡ್ ಹೂವನ್ನೇ ಯೂಕಾನ್ ತನ್ನ ಅಧಿಕೃತ ಹೂವಾಗಿ ಆರಿಸಿಕೊಂಡಿದೆ.