ಯಾವುದಕ್ಕೆ ಹಾಕೋಣ ಮೇಡಂ?

"ಎಸ್ಸೆಸ್ಸೆಲ್ಸಿ ಆದ್ಮೇಲೆ ಇವನನ್ನ ಯಾವುದಕ್ಕೆ ಹಾಕೋಣ ಮೇಡಂ?"

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡಲು ಶುರು ಮಾಡಿ 19 ವರ್ಷವಾಯಿತು. ಈ ಪ್ರಶ್ನೆ ಬಸ್ಸಿನಲ್ಲಿ ಬಂದಿದೆ, ರೇಷನ್ ಅಂಗಡಿಯ ಸಾಲಿನಲ್ಲಿ ಬಂದಿದೆ. ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿಟ್ಟುಕೊಂಡೇ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಆ "ಹಾಕೋಣ" ಬಿಡಿ. ಗಿಡಕ್ಕೆ ಗೊಬ್ಬರ ಹಾಕುತ್ತಾರೆ, ಒಲೆಗೆ ಸೌದೆ ಹಾಕುತ್ತಾರೆ. 15 ವರ್ಷದ ಹುಡುಗನನ್ನು ಸೈನ್ಸಿಗೆ ಹಾಕುವುದು ಅಂದರೇನು? ಅದೂ ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕೇಳುತ್ತಾರೆ.

ಉತ್ತರ ಚಿಕ್ಕದು. ಪಿಯುಸಿ ಇದೆ, ಅದರಲ್ಲಿ ಸೈನ್ಸ್, ಕಾಮರ್ಸ್, ಆರ್ಟ್ಸ್. 3 ವರ್ಷದ ಡಿಪ್ಲೊಮಾ ಇದೆ. ಅದು ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಐಟಿಐ ಇದೆ. 625ಕ್ಕೆ ಎಷ್ಟು ಬಂತು ಎಂದು ನೋಡಿ, ಇದರಲ್ಲಿ ಯಾವುದು ನಿಮ್ಮ ಮಗನ ಹಣೆಯಲ್ಲಿ ಬರೆದಿದೆ ಎಂದು ಹೇಳಲು ನನ್ನ ಹತ್ತಿರ ಗಿಣಿ ಇಲ್ಲ, ಕಾರ್ಡೂ ಇಲ್ಲ.

ಹೋದ ವರ್ಷ ಒಂದು ಮದುವೆ ಊಟ. ಪಕ್ಕದ ಎಲೆಗೆ ಒಬ್ಬ ತಂದೆ, ಅವರಾಚೆ ಮಗ. ಕೋಸಂಬರಿ ಬೀಳುವ ಮೊದಲೇ ಪ್ರಶ್ನೆ ಬಿತ್ತು. ನಾನು ಹುಡುಗನನ್ನೇ ಕೇಳಿದೆ, "ನಿಂಗೇನಿಷ್ಟಪ್ಪಾ?"

"ಅವನಿಗೆ ಪಿಸಿಎಂಬಿ ಇಷ್ಟ ಮೇಡಂ," ಅಪ್ಪ ಹೇಳಿದರು. ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆಗೆ ಬಯಾಲಜಿ.

"ಬಯಾಲಜಿ ಓದ್ತೀಯಾ?"

"ಓದ್ತಾನೆ, ಓದ್ತಾನೆ."

ಹುಡುಗ ಬೆರಳಲ್ಲಿ ಉಪ್ಪು ಸರಿಸುತ್ತಾ ಕೂತಿದ್ದ. ಹೋಳಿಗೆಗೆ ತುಪ್ಪ ತಂದಾಗ "ಬೇಡ" ಅಂದ. ಇಡೀ ಊಟದಲ್ಲಿ ಅವನಾಡಿದ್ದು ಅದೊಂದೇ ಮಾತು. ಅದಕ್ಕೂ ಅಪ್ಪ, "ಹಾಕಿ, ಹಾಕಿ" ಅಂದರು.

ಆಗ ನಗು ಬಂತು. ವಾಪಸ್ ಬರುವಾಗ ಅಷ್ಟು ಬರಲಿಲ್ಲ. ನನ್ನ ಮಗನನ್ನು ಸೈನ್ಸಿಗೆ ಹಾಕಿದ್ದು ನಾನೇ ಅಲ್ವಾ? ಈಗ ಬಿಕಾಂ ಮುಗಿಸಿ ಕೆಲಸದಲ್ಲಿದ್ದಾನೆ. ಆ 2 ವರ್ಷದ ಮಾತು ನನ್ನೆದುರು ಎತ್ತುವುದಿಲ್ಲ. (ಅದನ್ನು ಹಿಡಿದು ಯಾರೂ ನನಗೆ ಬುದ್ಧಿ ಹೇಳಬೇಡಿ. ಮನೆಯಲ್ಲಿ ಆ ಕಾರ್ಯಕ್ರಮ ಆಗಿದೆ.)

ಇನ್ನು, ಮಗಳನ್ನು ಡಾಕ್ಟರ್ ಮಾಡಬೇಕು ಎನ್ನುವವರು ಅವಳು ಬೆಳಿಗ್ಗೆ ತಿಂದು ಬರುತ್ತಾಳಾ ಎಂದು ನೋಡುವುದಿಲ್ಲ. ಪ್ರಾರ್ಥನೆಗೆ ನಿಂತವಳು ಕಣ್ಣು ಕತ್ತಲೆ ಬಂದು ಕೂತುಬಿಡುತ್ತಾಳೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತೇವೆ. ಊಟವಾದ ಮೇಲೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮುಂದಿನ ವಾರದ ಮಾತ್ರೆ ಕಿಟಕಿಯಾಚೆ ಹೋಗುತ್ತದೆ. ಮೈಯಲ್ಲಿ ರಕ್ತವೇ ಇಲ್ಲದೆ ನೀಟ್ ಬರೆಯುವುದು ಹೇಗೆ?

ನಾನು ಕಾಯುವ ಪ್ರಶ್ನೆಯೇ ಬೇರೆ. "ಮೇಡಂ, ಮನೆಯ ದುಡ್ಡಿನ ಲೆಕ್ಕ ಮಕ್ಕಳಿಗೆ ಹೇಳಬಹುದಾ?" ಯಾರೂ ಕೇಳಿಲ್ಲ. ಹೇಳಿ. ಫೀಸು ಎಷ್ಟು, ಹಾಸ್ಟೆಲ್ ಎಷ್ಟು, ಅದು ಸಂಬಳದಿಂದ ಬರುತ್ತದಾ, ಅಮ್ಮನ ಬಳೆಯಿಂದ ಬರುತ್ತದಾ, ಹೇಳಿ. "ನೀನು ಓದು ಸಾಕು, ದುಡ್ಡಿನ ಚಿಂತೆ ನಿಂಗ್ಯಾಕೆ" ಎಂದು ಬೆಳೆದ ಹುಡುಗರು ಫೋನಿಗೂ ಕಂತು ಕಟ್ಟುವುದನ್ನು ನೋಡಿದ್ದೇನೆ.

ಎಂಟನೇ ಕ್ಲಾಸಿನಲ್ಲೇ ಚಕ್ರಬಡ್ಡಿ ಕಲಿತಿರುತ್ತಾರೆ. ಆದರೆ "ಎರಡು ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ ಶೇಕಡಾ ಎಷ್ಟು?" ಎಂದರೆ ಇಡೀ ಹತ್ತನೇ ಕ್ಲಾಸು ಒಟ್ಟಿಗೆ "ಎರಡು" ಅನ್ನುತ್ತದೆ. ನೂರಕ್ಕೆ ತಿಂಗಳಿಗೆ 2, ಅಂದರೆ ವರ್ಷಕ್ಕೆ 24. ಒಂದು ದಿನ ಬೋರ್ಡಿನ ಮೇಲೆ ಬಿಡಿಸಿದೆ. 50,000 ಸಾಲ, ತಿಂಗಳಿಗೆ 1,000 ಬಡ್ಡಿ. 50 ತಿಂಗಳಿಗೆ ಬಡ್ಡಿಯೇ 50,000 ಕಟ್ಟಿರುತ್ತೀರಿ, ಅಸಲು ಕೂತ ಜಾಗದಲ್ಲೇ ಕೂತಿರುತ್ತದೆ. ಕ್ಲಾಸು ಗಪ್‌ಚಿಪ್.

ಬೆಲ್ ಹೊಡೆದ ಮೇಲೆ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. ಅಕ್ಕನ ಕಾಲೇಜಿಗೆಂದು ತಂದ ಸಾಲ, ಎಷ್ಟು ತಿಂಗಳಾಯಿತು, ಕಟ್ಟಿದ್ದೆಷ್ಟು, ಎಲ್ಲ ಬರೆದಿದ್ದಳು.

"ಮೇಡಂ, ಅಪ್ಪಂಗೆ ತೋರಿಸಿದ್ರೆ ಬೈತಾರಾ?"

ಗೊತ್ತಿಲ್ಲಮ್ಮ ಅಂದೆ. ಲೆಕ್ಕ ಸರಿಯಿತ್ತು. ರೈಟ್ ಹಾಕಿ ಕೊಟ್ಟೆ.